ಗಿಲ್ ಬೀಗ ತೆಗೆದರೂ ಪೈಥಾನ್ ಲೈಬ್ರರಿಗಳು ಏಕೆ ತಡವರಿಸುತ್ತಿವೆ?

2025ರ ಅಕ್ಟೋಬರ್‌ನಲ್ಲಿ ಪೈಥಾನ್ 3.14 ಬಿಡುಗಡೆಯಾದಾಗ ಹೆಚ್ಚು ಓಡಾಡಿದ ಸುದ್ದಿ ಎಂದರೆ, ಗಿಲ್ ಇಲ್ಲದ, ಅಂದರೆ ಥ್ರೆಡ್‌ಗಳನ್ನು ಒಂದೊಂದಾಗಿ ಮಾತ್ರ ಓಡಿಸುವ ಒಳಬೀಗವಿಲ್ಲದ ಪೈಥಾನ್ ಇನ್ನು ಪ್ರಯೋಗವಲ್ಲ, ಅಧಿಕೃತ ಬೆಂಬಲವಿರುವ ಬಿಲ್ಡ್ (ಓಡಿಸಲು ಸಿದ್ಧಪಡಿಸಿದ ರೂಪ) ಎಂಬುದು. ಅದನ್ನು ಓದಿ ಹೊಸ ಬಿಲ್ಡ್ ಹಾಕಿಕೊಂಡ ಹಲವರಿಗೆ ಎದುರಾದದ್ದು ಬೇರೆಯೇ. ಎಲ್ಲೋ ಲೈಬ್ರರಿಗಳನ್ನು ಹಾಕುವ ಪಿಪ್ ಇನ್‌ಸ್ಟಾಲ್ ಆದೇಶ ಅರ್ಧಕ್ಕೆ ನಿಂತು ಸಿ ಕೋಡನ್ನು ಯಂತ್ರಸಂಕೇತವಾಗಿಸುವ ಕಂಪೈಲರ್ ಕೇಳಿತು. ಇನ್ನೆಲ್ಲೋ ಪ್ರೋಗ್ರಾಂ ಓಡಿತು, ಆದರೆ ಒಂದು ಲೈಬ್ರರಿಯನ್ನು ಇಂಪೋರ್ಟ್ ಮಾಡಿದ ಕೂಡಲೇ ‘ಗಿಲ್ ಮತ್ತೆ ಚಾಲೂ ಆಗಿದೆ’ ಎಂಬ ಎಚ್ಚರಿಕೆ ಬಂತು. ಬರೆದ ಪೈಥಾನ್ ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಹಾಗಿದ್ದರೆ ಮುರಿದದ್ದು ಯಾವುದು?

ಉತ್ತರ ಸಿಗುವುದು ಪೈಥಾನ್ ಕೋಡನ್ನು ಓಡಿಸುವ, ಹೆಚ್ಚಿನವರು ಬಳಸುವ ಸಿಪೈಥಾನ್ ಇಂಟರ್‌ಪ್ರಿಟರಿನ ಒಡಲಲ್ಲಿ. ಅಲ್ಲಿನ ಕೆಲವು ರಚನೆಗಳನ್ನು ದಶಕಗಳ ಹಿಂದೆ ಹೊರಗಿನವರಿಗೆ ಕಾಣುವಂತೆ ಬಿಡಲಾಗಿತ್ತು. ಇಂದು ಅವುಗಳಲ್ಲಿ ಯಾವುದನ್ನು ಅಲುಗಾಡಿಸಿದರೂ ಬೇರೆಯವರ ಕೋಡ್ ಅಲುಗಾಡುತ್ತದೆ. ಗಿಲ್ ತೆಗೆಯುವ ಕೆಲಸ ಈ ಹಳೆಯ ಬಾಕಿಯನ್ನು ಒಮ್ಮೆಲೇ ಮುಂದಕ್ಕೆ ತಂದಿದೆ.

ಸುದ್ದಿಯಲ್ಲಿ ನಿಜವಾಗಿ ಏನಿದೆ

ಗಿಲ್ ಎಂದರೆ ಇಡೀ ಇಂಟರ್‌ಪ್ರಿಟರಿಗೆ ಇರುವ ಒಂದೇ ಬೀಗ. ಪ್ರೋಗ್ರಾಂನಲ್ಲಿ ಎಷ್ಟೇ ಥ್ರೆಡ್ (ಏಕಕಾಲಕ್ಕೆ ಓಡಬಲ್ಲ ಕೆಲಸದ ಎಳೆ) ಇರಲಿ, ಆ ಬೀಗ ಯಾರ ಕೈಯಲ್ಲಿದೆಯೋ ಆ ಥ್ರೆಡ್ ಮಾತ್ರ ಪೈಥಾನ್ ಕೋಡ್ ಓಡಿಸಬಹುದು. ಅದನ್ನು ಐಚ್ಛಿಕವಾಗಿಸುವ ಪೆಪ್ 703 ಪ್ರಸ್ತಾವವನ್ನು (ಪೆಪ್ ಎಂದರೆ ಪೈಥಾನ್ ಬದಲಾವಣೆಯ ಲಿಖಿತ ಪ್ರಸ್ತಾವ) ಪೈಥಾನ್ ಅಭಿವೃದ್ಧಿಯ ನಿರ್ಧಾರ ಮಾಡುವ ಸ್ಟೀರಿಂಗ್ ಕೌನ್ಸಿಲ್ 2023ರ ಅಕ್ಟೋಬರ್‌ನಲ್ಲಿ ಒಪ್ಪಿತು. 2024ರ ಅಕ್ಟೋಬರ್‌ನಲ್ಲಿ ಬಂದ 3.13ರಲ್ಲಿ ಅದು ಪ್ರಯೋಗವಾಗಿತ್ತು. 3.14ರಲ್ಲಿ ಬೆಂಬಲ ಅಧಿಕೃತವಾಯಿತು.

ಆದರೆ ಇದು ಬೇರೆಯದೇ ಒಂದು ಬಿಲ್ಡ್ ಎಂಬುದನ್ನು ಮರೆಯಬಾರದು. ಮಾಮೂಲಿಯಾಗಿ ಪೈಥಾನ್ ಹಾಕಿಕೊಂಡರೆ ಸಿಗುವುದು ಇಂದಿಗೂ ಗಿಲ್ ಇರುವ ಪೈಥಾನೇ. ಗಿಲ್ ಇಲ್ಲದ್ದು ಬೇಕಿದ್ದರೆ ಆವೃತ್ತಿಯ ಸಂಖ್ಯೆಯ ಕೊನೆಗೆ ‘ಟಿ’ ಇರುವ ಬಿಲ್ಡನ್ನು ಆರಿಸಿ ಹಾಕಿಕೊಳ್ಳಬೇಕು: 3.13ಟಿ, 3.14ಟಿ. ಒಂದೇ ಥ್ರೆಡ್ಡಿನ ಕೋಡ್ ಈ ಬಿಲ್ಡಿನಲ್ಲಿ ಸ್ವಲ್ಪ ನಿಧಾನ. ಪೈಥಾನ್ ದಾಖಲೆಗಳ ಪ್ರಕಾರ 3.13ರಲ್ಲಿ ಈ ನಷ್ಟ ಸುಮಾರು 40% ಇತ್ತು, 3.14ರಲ್ಲಿ 5ರಿಂದ 10%ಗೆ ಇಳಿದಿದೆ.

ಭಾಷೆ ಒಂದು, ಒಡಲು ಇನ್ನೊಂದು

ಹಿಮ್ಮುಖ ಹೊಂದಾಣಿಕೆ (ಹಳೆಯ ಕೋಡ್ ಹೊಸ ಆವೃತ್ತಿಯಲ್ಲೂ ಓಡುವುದು) ಎಂದ ಕೂಡಲೇ ನೆನಪಾಗುವುದು ಪೈಥಾನ್ 2ರಿಂದ 3ಕ್ಕೆ ಆದ ವಲಸೆ. ಅಲ್ಲಿ ಭಾಷೆಯೇ ಬದಲಾಗಿತ್ತು. 2008ರ ಡಿಸೆಂಬರ್‌ನಲ್ಲಿ 3.0 ಬಂದ ಮೇಲೂ 2.7ಕ್ಕೆ 2020ರ ಜನವರಿ 1ರವರೆಗೆ ಬೆಂಬಲ ಕೊಡಬೇಕಾಯಿತು. ಆ ಅನುಭವದಿಂದ ಕಲಿತ ಸಮುದಾಯ ಭಾಷೆಯ ಮಟ್ಟದ ಬದಲಾವಣೆಗಳಲ್ಲಿ ಈಗ ಬಹಳ ಜಾಗರೂಕವಾಗಿದೆ. ಪೆಪ್ 387ರ ನಿಯಮದಂತೆ ಯಾವುದನ್ನಾದರೂ ಕಿತ್ತುಹಾಕುವ ಮೊದಲು ಕನಿಷ್ಠ ಎರಡು ಬಿಡುಗಡೆಗಳಲ್ಲಿ ಎಚ್ಚರಿಕೆ ಕೊಡಬೇಕು. ವರ್ಷಕ್ಕೊಂದು ಬಿಡುಗಡೆಯ ಲೆಕ್ಕದಲ್ಲಿ ಅದು ಎರಡು ವರ್ಷದ ಗಡುವು.

ಇಂಟರ್‌ಪ್ರಿಟರಿನ ಒಳಗಿನ ಎಲ್ಲಕ್ಕೂ ಇಂಥ ರಕ್ಷಣೆ ಇಲ್ಲ, ಬೇಕಾಗಿಯೂ ಇಲ್ಲ. ಇಂಟರ್‌ಪ್ರಿಟರ್ ಮೂಲ ಕೋಡಿನಿಂದ ತಯಾರಿಸಿಕೊಳ್ಳುವ ಮಧ್ಯಂತರ ರೂಪವಾದ ಬೈಟ್‌ಕೋಡನ್ನೇ ನೋಡಿ. ಅದು ಪ್ರತಿ ಬಿಡುಗಡೆಯಲ್ಲೂ ಬದಲಾಗುತ್ತದೆ, ಆದರೆ ಬಹುತೇಕರಿಗೆ ಅದು ಗೊತ್ತೇ ಆಗುವುದಿಲ್ಲ. ಬೈಟ್‌ಕೋಡ್ ಇಡುವ ಪ್ರತಿ ಪಿವೈಸಿ ಫೈಲಿನ ಆರಂಭದಲ್ಲಿ ಒಂದು ಗುರುತು ಸಂಖ್ಯೆ ಇರುತ್ತದೆ. ಅದು ತನ್ನದಲ್ಲ ಎಂದು ಕಂಡರೆ ಇಂಟರ್‌ಪ್ರಿಟರ್ ಆ ಫೈಲನ್ನು ಬದಿಗಿಟ್ಟು ಮೂಲ ಕೋಡಿನಿಂದ ಹೊಸದನ್ನು ತಯಾರಿಸುತ್ತದೆ. ಮೂಲ ಕೈಯಲ್ಲಿರುವುದರಿಂದ ಬೈಟ್‌ಕೋಡಿನ ಹೊಂದಾಣಿಕೆ ಸಮಸ್ಯೆಯಾಗುವುದಿಲ್ಲ.

ಪೈಥಾನಿಗಾಗಿ ಸಿ ಭಾಷೆಯಲ್ಲಿ ಬರೆದ ಎಕ್ಸ್‌ಟೆನ್ಷನ್‌ಗಳಲ್ಲಿ (ಸೇರ್ಪಡೆ ಲೈಬ್ರರಿಗಳಲ್ಲಿ) ಈ ಅನುಕೂಲ ಇಲ್ಲ. ಲೆಕ್ಕಾಚಾರದ ನಂಪೈ, ಎಕ್ಸ್‌ಎಂಎಲ್ ಓದುವ ಎಲ್‌ಎಕ್ಸ್‌ಎಂಎಲ್ ಮುಂತಾದ ಲೈಬ್ರರಿಗಳು ಯಂತ್ರಸಂಕೇತವಾಗಿ ಕಂಪೈಲ್ ಆಗಿಯೇ ನಮ್ಮ ಕೈಗೆ ಬರುತ್ತವೆ. ಕಂಪೈಲ್ ಮಾಡಿದ ದಿನ ಪೈಥಾನಿನ ಹೆಡರ್ ಫೈಲಿನಲ್ಲಿ (ಒಳರಚನೆಗಳ ವಿವರಣೆ ಇರುವ ಸಿ ಫೈಲ್) ಏನಿತ್ತೋ ಅದು ಆ ಯಂತ್ರಸಂಕೇತದಲ್ಲಿ ಅಚ್ಚೊತ್ತಿಬಿಟ್ಟಿರುತ್ತದೆ.

ಹದಿನಾರು ಬೈಟ್

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಇಡೀ ಗೊಂದಲದ ಬೇರು ಇಲ್ಲಿದೆ. ಪೈಥಾನಿನಲ್ಲಿ ಸಂಖ್ಯೆ, ಸ್ಟ್ರಿಂಗ್, ಲಿಸ್ಟ್ ಯಾವುದೇ ಇರಲಿ, ಅದರ ತಲೆಭಾಗದಲ್ಲಿ ಪೈಆಬ್ಜೆಕ್ಟ್ ಎಂಬ ಸ್ಟ್ರಕ್ಟ್ (ಫೀಲ್ಡುಗಳ ನಿಗದಿತ ಜೋಡಣೆ) ಇರುತ್ತದೆ. ಮಾಮೂಲಿ 64-ಬಿಟ್ ಬಿಲ್ಡಿನಲ್ಲಿ ಅದು 16 ಬೈಟ್. ಮೊದಲ 8 ಬೈಟ್ ರೆಫರೆನ್ಸ್ ಕೌಂಟ್, ಅಂದರೆ ಈ ವಸ್ತುವನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂಬ ಎಣಿಕೆ. ಮುಂದಿನ 8 ಬೈಟ್ ಅದರ ಟೈಪ್ ಯಾವುದೆಂದು ತೋರಿಸುವ ಪಾಯಿಂಟರ್, ಅಂದರೆ ಮೆಮೊರಿ ವಿಳಾಸ. ಎಣಿಕೆ ಸೊನ್ನೆಗೆ ಇಳಿದರೆ ವಸ್ತುವಿನ ಮೆಮೊರಿ ಬಿಡುಗಡೆಯಾಗುತ್ತದೆ.

ಸಿ ಕೋಡ್ ಒಂದು ವಸ್ತುವನ್ನು ಇಟ್ಟುಕೊಳ್ಳುವಾಗ ಪೈ_ಇನ್‌ಕ್ರೆಫ್ ಎಂದು ಬರೆಯುತ್ತದೆ, ಬಿಡುವಾಗ ಪೈ_ಡೆಕ್ರೆಫ್. ನೋಡಲು ಇವು ಫಂಕ್ಷನ್ ಕರೆಗಳಂತಿವೆ. ಆದರೆ ಬಹುಕಾಲ ಇವು ಮ್ಯಾಕ್ರೋಗಳಾಗಿದ್ದವು (ಕಂಪೈಲ್ ಹೊತ್ತಿಗೆ ಬರೆದಲ್ಲೇ ವಿಸ್ತರಿಸಿಕೊಳ್ಳುವ ಪಠ್ಯ), ಈಗಲೂ ಸಾಮಾನ್ಯ ಬಿಲ್ಡಿನಲ್ಲಿ ಇನ್‌ಲೈನ್ ಆಗಿಯೇ ಸೇರಿಕೊಳ್ಳುತ್ತವೆ. ಅಂದರೆ ಎಕ್ಸ್‌ಟೆನ್ಷನ್ನಿನ ಯಂತ್ರಸಂಕೇತದಲ್ಲಿ ‘ಈ ವಿಳಾಸದ ಮೊದಲ ಜಾಗದಲ್ಲಿರುವ ಸಂಖ್ಯೆಗೆ 1 ಕೂಡಿಸು’ ಎಂಬ ಆದೇಶ ನೇರವಾಗಿ ಕೂತಿರುತ್ತದೆ. ಇಂಟರ್‌ಪ್ರಿಟರನ್ನು ಕೇಳುವ ಮಾತೇ ಇಲ್ಲ.

ಗಿಲ್ ಇದ್ದಾಗ ಇದು ಸುರಕ್ಷಿತ, ಏಕೆಂದರೆ ಒಂದು ಹೊತ್ತಿಗೆ ಒಂದೇ ಥ್ರೆಡ್ ಕೂಡಿಸುತ್ತದೆ. ಗಿಲ್ ತೆಗೆದರೆ ಎರಡು ಥ್ರೆಡ್‌ಗಳು ಒಂದೇ ಸಂಖ್ಯೆಯನ್ನು ಓದಿ, ತಲಾ ಒಂದು ಕೂಡಿಸಿ, ಮರಳಿ ಬರೆಯಬಹುದು. ಎರಡು ಹೆಚ್ಚಬೇಕಾದಲ್ಲಿ ಒಂದೇ ಹೆಚ್ಚುತ್ತದೆ. ಮುಂದೊಮ್ಮೆ ಎಣಿಕೆ ಬೇಗನೆ ಸೊನ್ನೆಗಿಳಿದು, ಇನ್ನೂ ಬಳಕೆಯಲ್ಲಿರುವ ವಸ್ತುವಿನ ಮೆಮೊರಿ ಹೋಗಿಬಿಡುತ್ತದೆ. ಪ್ರತಿ ಸಲವೂ ಅಟಾಮಿಕ್ ಕೂಡಿಕೆ (ನಡುವೆ ಬೇರೆ ಥ್ರೆಡ್ ಕೈಹಾಕಲಾಗದ್ದು) ಮಾಡಬಹುದಿತ್ತು, ಆದರೆ ಅದು ತೀರಾ ದುಬಾರಿ.

ಹಾಗಾಗಿ ಪೆಪ್ 703 ಎಣಿಕೆಯನ್ನು ಎರಡಾಗಿ ಒಡೆದಿದೆ. ವಸ್ತುವನ್ನು ಸೃಷ್ಟಿಸಿದ ಥ್ರೆಡ್ಡಿಗೆ ಒಂದು ಸ್ವಂತ ಎಣಿಕೆ, ಉಳಿದ ಎಲ್ಲ ಥ್ರೆಡ್‌ಗಳಿಗೆ ಒಂದು ಹಂಚಿಕೆಯ ಎಣಿಕೆ. ಮೊದಲನೆಯದು ಸಾದಾ ಕೂಡಿಕೆ, ಎರಡನೆಯದು ಅಟಾಮಿಕ್. ಇದರಿಂದ ಪೈಆಬ್ಜೆಕ್ಟ್ 32 ಬೈಟ್ ಆಯಿತು: ಒಡೆಯ ಥ್ರೆಡ್ಡಿನ ಗುರುತಿಗೆ 8, ಫ್ಲ್ಯಾಗ್‌ಗಳಿಗೆ 2, ಪ್ರತಿ ವಸ್ತುವಿನ ಪುಟ್ಟ ಬೀಗಕ್ಕೆ 1, ಗಾರ್ಬೇಜ್ ಕಲೆಕ್ಟರಿಗೆ 1, ಸ್ವಂತ ಎಣಿಕೆಗೆ 4, ಹಂಚಿಕೆಯ ಎಣಿಕೆಗೆ 8, ಟೈಪ್ ಪಾಯಿಂಟರಿಗೆ 8.

ಈಗ ಹಳೆಯ ಎಕ್ಸ್‌ಟೆನ್ಷನ್ ಈ ಬಿಲ್ಡಿನೊಳಗೆ ಬಂದಿತು ಎಂದುಕೊಳ್ಳಿ. ಅದು ಎಂದಿನಂತೆ ಮೊದಲ ಜಾಗಕ್ಕೆ 1 ಕೂಡಿಸುತ್ತದೆ. ಆದರೆ ಅಲ್ಲಿ ಈಗ ಇರುವುದು ಥ್ರೆಡ್ಡಿನ ಗುರುತು. ವಸ್ತುವಿನ ಒಡೆಯನೇ ಬದಲಾಗಿಬಿಡುತ್ತಾನೆ! ಟೈಪ್ ಹುಡುಕಲು 8ನೆಯ ಬೈಟಿಗೆ ಹೋದರೆ ಅಲ್ಲಿ ಫ್ಲ್ಯಾಗ್ ಮತ್ತು ಬೀಗ ಇವೆ, ಅದನ್ನು ಪಾಯಿಂಟರ್ ಎಂದು ನಂಬಿ ಹಿಂಬಾಲಿಸಿದರೆ ಪ್ರೋಗ್ರಾಂ ಅಲ್ಲೇ ಸಾಯುತ್ತದೆ. ಈ ಅನಾಹುತ ತಪ್ಪಿಸಲೆಂದೇ ‘ಟಿ’ ಗುರುತಿನ ವೀಲ್‌ಗಳನ್ನು (ಮೊದಲೇ ಕಂಪೈಲ್ ಮಾಡಿದ ಪ್ಯಾಕೇಜ್‌ಗಳನ್ನು) ಬೇರೆಯಾಗಿ ಇಡಲಾಗಿದೆ. ಪಿಪ್ ಆ ಗುರುತು ನೋಡುತ್ತದೆ, ಹೊಂದುವ ವೀಲ್ ಸಿಗದಿದ್ದರೆ ಮೂಲ ಕೋಡ್ ಇಳಿಸಿಕೊಂಡು ಕಂಪೈಲ್ ಮಾಡಲು ಹೊರಡುತ್ತದೆ. ಕಂಪೈಲರ್ ಇಲ್ಲ ಎಂಬ ದೋಷ ಸಂದೇಶ ಬರುವುದು ಈ ಹಂತದಲ್ಲಿ.

ಮರಳಿ ಬರುವ ಗಿಲ್

ಕಂಪೈಲ್ ಯಶಸ್ವಿಯಾದರೂ ಇನ್ನೊಂದು ಬಾಗಿಲು ದಾಟಬೇಕು. ಸ್ಟ್ರಕ್ಟಿನ ಜೋಡಣೆ ಸರಿಯಿದ್ದ ಮಾತ್ರಕ್ಕೆ ಎಕ್ಸ್‌ಟೆನ್ಷನ್ ಥ್ರೆಡ್‌ಗಳ ನಡುವೆ ಸುರಕ್ಷಿತ ಎಂದಾಗುವುದಿಲ್ಲ. ಎಷ್ಟೋ ಸಿ ಕೋಡ್ ‘ಗಿಲ್ ಇದೆಯಲ್ಲ’ ಎಂಬ ಭರವಸೆಯಲ್ಲಿ ಸ್ಟ್ಯಾಟಿಕ್ ವೇರಿಯಬಲ್‌ಗಳನ್ನು, ಕ್ಯಾಶ್‌ಗಳನ್ನು ಬೀಗವಿಲ್ಲದೆ ಬಳಸಿದೆ. ಆದ್ದರಿಂದ ನಿಯಮ ಹೀಗಿದೆ: ‘ನನಗೆ ಗಿಲ್ ಬೇಡ’ ಎಂದು ಮಾಡ್ಯೂಲ್ ಸ್ವತಃ ಘೋಷಿಸಬೇಕು. ಘೋಷಿಸದ ಮಾಡ್ಯೂಲನ್ನು ಇಂಪೋರ್ಟ್ ಮಾಡಿದರೆ ಇಂಟರ್‌ಪ್ರಿಟರ್ ಇಡೀ ಪ್ರಕ್ರಿಯೆಗೆ ಗಿಲ್ ಚಾಲೂ ಮಾಡಿ, ಆ ಮಾಡ್ಯೂಲಿನ ಹೆಸರು ಹೇಳಿ ರನ್‌ಟೈಂ ಎಚ್ಚರಿಕೆ ಕೊಡುತ್ತದೆ.

ಇದು ದೋಷವಲ್ಲ, ಹೊಂದಾಣಿಕೆಯ ಸಲುವಾಗಿ ಯೋಚಿಸಿ ಇಟ್ಟ ವ್ಯವಸ್ಥೆ. ಹಳೆಯ ಲೈಬ್ರರಿ ನಿಧಾನವಾಗಿಯಾದರೂ ಸರಿಯಾದ ಉತ್ತರ ಕೊಡಲಿ ಎಂಬುದು ಉದ್ದೇಶ. ನಿಜ ಸ್ಥಿತಿ ತಿಳಿಯಲು, ಎಲ್ಲ ಇಂಪೋರ್ಟ್ ಮುಗಿದ ಮೇಲೆ ಸಿಸ್ ಮಾಡ್ಯೂಲಿನ _ಈಸ್_ಗಿಲ್_ಎನೇಬಲ್ಡ್ ಫಂಕ್ಷನ್ನನ್ನು ಕರೆಯಬೇಕು. ಮೊದಲೇ ಕರೆದರೆ ಆಮೇಲೆ ಬರುವ ಮಾಡ್ಯೂಲ್ ಗಿಲ್ ಚಾಲೂ ಮಾಡಿದ್ದು ತಿಳಿಯುವುದಿಲ್ಲ. ಪೈಥಾನ್_ಗಿಲ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ಲಿಗೆ 0 ಕೊಟ್ಟು ಗಿಲ್ ಅನ್ನು ಬಲವಂತವಾಗಿ ಆಫ್ ಇಡಬಹುದು. ಅದು ಪರೀಕ್ಷೆಗಷ್ಟೇ ಸರಿ. ಗ್ರಾಹಕರ ಡೇಟಾ ಓಡುವ ಸರ್ವರಿನಲ್ಲಿ ಹಾಗೆ ಮಾಡುವುದು ಸರ್ವಥಾ ಸಲ್ಲದು. ಥ್ರೆಡ್‌ಗಳ ಪೈಪೋಟಿಯಿಂದ ಆಗುವ ತಪ್ಪು ಪ್ರತಿ ಸಲ ಕಾಣಿಸಿಕೊಳ್ಳುವುದಿಲ್ಲ, ಕಾಣಿಸಿಕೊಂಡಾಗ ಮೂಲ ಹುಡುಕುವುದೂ ಕಷ್ಟ.

ಹೇಳದೆಯೂ ಕೊಟ್ಟ ಮಾತು

ಇಂಟರ್‌ಪ್ರಿಟರ್ ನಿರ್ವಹಿಸುವವರು ದಾಖಲೆಯಲ್ಲಿ ಏನು ಭರವಸೆ ಕೊಟ್ಟಿದ್ದಾರೆ ಎಂಬುದಕ್ಕಿಂತ ಹೆಡರ್ ಫೈಲಿನಲ್ಲಿ ಏನು ಕಾಣುತ್ತಿತ್ತು ಎಂಬುದೇ ಕೊನೆಗೆ ಒಪ್ಪಂದವಾಗಿಬಿಡುತ್ತದೆ. ನಮ್ಮ ಗೋಡೆಯ ಮೇಲೆ ಪಕ್ಕದ ಮನೆಯವರು ತೊಲೆ ಇಟ್ಟಿದ್ದರೆ, ನಾವು ಅನುಮತಿ ಕೊಟ್ಟಿರಲಿ ಬಿಡಲಿ, ಗೋಡೆ ಕೆಡವುವ ಮುನ್ನ ಅವರ ಮಾಡಿನ ಬಗ್ಗೆ ಯೋಚಿಸಲೇಬೇಕು.

ಕಳೆದ ಕೆಲವು ಆವೃತ್ತಿಗಳ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಪೈ_ಟೈಪ್ ಎಂಬ ಮ್ಯಾಕ್ರೋ ವಸ್ತುವಿನ ಟೈಪನ್ನು ಓದಲು ಇದ್ದದ್ದು. ಆದರೆ ಮ್ಯಾಕ್ರೋ ಆದ್ದರಿಂದ ಸಮ ಚಿಹ್ನೆಯ ಎಡಕ್ಕಿಟ್ಟು ಅದಕ್ಕೆ ಬೆಲೆ ಕೊಡಲೂ ಆಗುತ್ತಿತ್ತು, ಅನೇಕರು ಹಾಗೆಯೇ ಮಾಡಿದ್ದರು. ಅದನ್ನು ಸರಿಯಾದ ಫಂಕ್ಷನ್ ಮಾಡಲು ಮೊದಲು 3.9ರಲ್ಲಿ ಪೈ_ಸೆಟ್_ಟೈಪ್ ಸೇರಿಸಬೇಕಾಯಿತು. 3.10ಕ್ಕೆ ಮಾಡಹೊರಟ ಬದಲಾವಣೆ ತುಂಬ ಲೈಬ್ರರಿಗಳನ್ನು ಮುರಿದದ್ದರಿಂದ ಹಿಂದೆಗೆದು, 3.11ರಲ್ಲಿ ಜಾರಿಗೆ ತರಲಾಯಿತು. ಒಂದು ಮ್ಯಾಕ್ರೋಗೆ ಇಷ್ಟು ವರ್ಷ.

3.11ರಲ್ಲೇ ಫಂಕ್ಷನ್ ಕರೆಯ ವಿವರ ಇಡುವ ಫ್ರೇಮ್‌ಗಳ ರಚನೆ ಬದಲಾಯಿತು. ಪ್ರತಿ ಕರೆಗೂ ಪೂರ್ಣ ಫ್ರೇಮ್ ವಸ್ತು ಸೃಷ್ಟಿಸುವುದನ್ನು ಬಿಟ್ಟು, ಯಾರಾದರೂ ಕೇಳಿದಾಗ ಮಾತ್ರ ಸೃಷ್ಟಿಸುವ ಕ್ರಮ ಬಂತು. ಆ ಆವೃತ್ತಿ 3.10ಕ್ಕಿಂತ ಸರಾಸರಿ 25% ವೇಗವಾಗಲು ಇಂಥ ಬದಲಾವಣೆಗಳೇ ಕಾರಣ. ಆದರೆ ಫ್ರೇಮಿನ ಫೀಲ್ಡ್‌ಗಳನ್ನು ನೇರವಾಗಿ ಓದುತ್ತಿದ್ದ ಸೈಥಾನ್ (ಪೈಥಾನ್‌ನಂಥ ಕೋಡನ್ನು ಸಿ ಭಾಷೆಗೆ ತಿರುಗಿಸುವ ಉಪಕರಣ), ಗ್ರೀನ್‌ಲೆಟ್ ಮುಂತಾದವು ಮುರಿದವು. ಸೈಥಾನ್ ಮುರಿದರೆ ಅದೊಂದೇ ಮುರಿಯುವುದಿಲ್ಲ. ಅದು ಉತ್ಪಾದಿಸಿದ ಸಿ ಫೈಲುಗಳನ್ನು ಜೊತೆಗಿಟ್ಟುಕೊಂಡು ಹಂಚಿದ ಪ್ರತಿಯೊಂದು ಲೈಬ್ರರಿಯೂ ಮುರಿಯುತ್ತದೆ. 3.13ರಲ್ಲಿ _ಪೈಲಾಂಗ್_ಆಸ್‌ಬೈಟ್‌ಅರೇ ಎಂಬ ಖಾಸಗಿ ಫಂಕ್ಷನ್ನಿಗೆ ಒಂದು ಆರ್ಗ್ಯುಮೆಂಟ್ ಹೆಚ್ಚಾದಾಗಲೂ ಇದೇ ಆಯಿತು. ಹೆಸರಿನ ಮುಂದಿನ ಅಡಿಗೆರೆಯೇ ‘ಇದನ್ನು ಮುಟ್ಟಬೇಡಿ’ ಎನ್ನುತ್ತಿತ್ತು, ಆದರೂ ಎಲ್ಲರೂ ಮುಟ್ಟಿದ್ದರು. ‘ಆರ್ಗ್ಯುಮೆಂಟ್ ಸಾಲದು’ ಎಂಬ ಕಂಪೈಲರ್ ದೋಷ ಈ ಹೆಸರಿನೊಂದಿಗೆ ಕಂಡರೆ ಮಾಡಬೇಕಾದ್ದು ಸರಳ: ಲೈಬ್ರರಿಯ ಹೊಸ ಆವೃತ್ತಿ ಹಾಕಿ, ಅಥವಾ ಹೊಸ ಸೈಥಾನ್‌ನಿಂದ ಸಿ ಫೈಲನ್ನು ಮತ್ತೆ ಉತ್ಪಾದಿಸಿ.

ಎಲ್ಲಕ್ಕಿಂತ ಸೂಕ್ಷ್ಮವಾದ ಉದಾಹರಣೆ 3.14ರದ್ದು. ನಂಪೈಯಲ್ಲಿ ಎ ಮತ್ತು ಬಿ ಅರೇಗಳನ್ನು ಗುಣಿಸಿ ಸಿ ಕೂಡಿಸಿದರೆ, ಗುಣಲಬ್ಧಕ್ಕೆ ಒಂದು ತಾತ್ಕಾಲಿಕ ಅರೇ ಬೇಕು. ಅದರ ರೆಫರೆನ್ಸ್ ಕೌಂಟ್ 1 ಎಂದು ಕಂಡರೆ ‘ಇದು ಬೇರೆ ಯಾರ ಕೈಯಲ್ಲೂ ಇಲ್ಲ’ ಎಂದು ತಿಳಿದು, ನಂಪೈ ಕೂಡಿಕೆಯ ಉತ್ತರವನ್ನೂ ಅದರಲ್ಲೇ ಬರೆದು ಮೆಮೊರಿ ಉಳಿಸುತ್ತದೆ. ಒಳ್ಳೆಯ ಉಪಾಯವೇ. ಆದರೆ 3.14ರ ಇಂಟರ್‌ಪ್ರಿಟರ್ ಅನಗತ್ಯ ಎಣಿಕೆಗಳನ್ನು ಬಿಡಲು ಶುರುಮಾಡಿತು. ಲೋಕಲ್ ವೇರಿಯಬಲ್ಲಿನಲ್ಲಿರುವ ಅರೇಯನ್ನು ಸ್ಟ್ಯಾಕಿಗೆ ತರುವಾಗ ಸುರಕ್ಷಿತವೆಂದು ಗೊತ್ತಿದ್ದಲ್ಲಿ ಎಣಿಕೆ ಹೆಚ್ಚಿಸುವುದಿಲ್ಲ. ಈಗ ವೇರಿಯಬಲ್ ಹಿಡಿದುಕೊಂಡಿರುವ ಅರೇಯ ಎಣಿಕೆಯೂ 1 ಎಂದೇ ಕಾಣುತ್ತದೆ. ಹಳೆಯ ಪರೀಕ್ಷೆಯನ್ನೇ ನಂಬಿದರೆ ಬಳಕೆದಾರರ ಡೇಟಾದ ಮೇಲೆ ಬೇರೆ ಉತ್ತರ ಬರೆದುಹೋಗುತ್ತದೆ, ಅದೂ ಯಾವ ದೋಷ ಸಂದೇಶವೂ ಇಲ್ಲದೆ. ಇದಕ್ಕಾಗಿಯೇ ‘ಇದು ನಿಜಕ್ಕೂ ತಾತ್ಕಾಲಿಕವೇ’ ಎಂದು ಉತ್ತರಿಸುವ ಹೊಸ ಫಂಕ್ಷನ್ನನ್ನು 3.14ಕ್ಕೆ ಸೇರಿಸಬೇಕಾಯಿತು. ಇಲ್ಲಿ ಫೀಲ್ಡ್ ಜಾಗ ಬದಲಿಸಲಿಲ್ಲ, ಹೆಸರು ಬದಲಿಸಲಿಲ್ಲ. ಅದರಲ್ಲಿರುವ ಸಂಖ್ಯೆಯ ಅರ್ಥ ಒಂದಿಷ್ಟು ಬದಲಾಯಿತು, ಅಷ್ಟೇ.

ಕನ್ನಡ ಸ್ಟ್ರಿಂಗಿನ ಮೇಲೆ ಬಿದ್ದ ಹೊರೆ

ಹಳೆಯದನ್ನು ಉಳಿಸಿಕೊಳ್ಳುವುದಕ್ಕೂ ಬೆಲೆ ಇದೆ. ಅದನ್ನು ಕನ್ನಡದ ಪಠ್ಯದಲ್ಲೇ ಅಳೆದು ನೋಡಬಹುದು. 2012ರಲ್ಲಿ ಬಂದ 3.3ರಿಂದ ಪೈಥಾನ್ ಸ್ಟ್ರಿಂಗಿನ ಪ್ರತಿ ಸಂಕೇತಕ್ಕೆ 1, 2 ಅಥವಾ 4 ಬೈಟ್ ಬಳಸುತ್ತದೆ, ಸ್ಟ್ರಿಂಗಿನಲ್ಲಿರುವ ಅತಿ ದೊಡ್ಡ ಸಂಕೇತವನ್ನು ನೋಡಿಕೊಂಡು. ಕನ್ನಡಕ್ಕೆ 2 ಬೈಟ್ ಸಾಕು. ‘ಕರ್ನಾಟಕ’ ಎಂಬುದರಲ್ಲಿ ಅರ್ಧಾಕ್ಷರದ ವಿರಾಮ (್) ಮತ್ತು ದೀರ್ಘದ ಚಿಹ್ನೆ ಸೇರಿ 7 ಯೂನಿಕೋಡ್ ಸಂಕೇತಗಳಿವೆ. ಕೊನೆಯ ಶೂನ್ಯವನ್ನೂ ಸೇರಿಸಿದರೆ 16 ಬೈಟ್.

ಆದರೆ ಹಳೆಯ ಸಿ ಎಪಿಐ (ಎಕ್ಸ್‌ಟೆನ್ಷನ್‌ಗಳಿಗೆ ಒದಗಿಸಿದ ಫಂಕ್ಷನ್‌ಗಳ ಸಮೂಹ) ಬಳಸುವವರಿಗಾಗಿ ಪ್ರತಿ ಸ್ಟ್ರಿಂಗಿನ ತಲೆಭಾಗದಲ್ಲಿ ಹಳೆ ಮಾದರಿಯ ಪ್ರತಿಗೊಂದು ಪಾಯಿಂಟರ್, ಅದರ ಉದ್ದಕ್ಕೊಂದು ಫೀಲ್ಡ್ ಉಳಿಸಿಕೊಳ್ಳಲಾಗಿತ್ತು. ಆಸ್ಕಿ ಸ್ಟ್ರಿಂಗಿಗೆ ಇದರ ಹೊರೆ 8 ಬೈಟ್, ಕನ್ನಡದಂಥ ಸ್ಟ್ರಿಂಗಿಗೆ 16. ಹಾಗಾಗಿ 64-ಬಿಟ್ ಗಣಕದಲ್ಲಿ ‘ಕರ್ನಾಟಕ’ 3.11ರಲ್ಲಿ 88 ಬೈಟ್ ತೆಗೆದುಕೊಳ್ಳುತ್ತಿತ್ತು. 2023ರ 3.12ರಲ್ಲಿ ಪೆಪ್ 623 ಆ ಎರಡು ಫೀಲ್ಡ್‌ಗಳನ್ನು ಕಿತ್ತುಹಾಕಿದ ಮೇಲೆ 72 ಬೈಟ್. ದೊಡ್ಡ ಕನ್ನಡ ಪದಕೋಶವನ್ನು ಮೆಮೊರಿಯಲ್ಲಿಟ್ಟು ಕೆಲಸ ಮಾಡುವವರಿಗೆ ಹತ್ತು ಲಕ್ಷ ಪದಕ್ಕೆ 1.6 ಕೋಟಿ ಬೈಟ್ ಉಳಿಯಿತು. ಬಹುತೇಕ ಯಾರೂ ಬಳಸದಿದ್ದ ಒಂದು ಸೌಕರ್ಯಕ್ಕಾಗಿ ಹನ್ನೊಂದು ವರ್ಷ ಎಲ್ಲರೂ ಇದನ್ನು ಹೊತ್ತಿದ್ದರು.

ಸ್ಥಿರ ಎಬಿಐ ಎಂಬ ದಾರಿ

ಸಮಸ್ಯೆ ಮೊದಲೇ ಗೊತ್ತಿತ್ತು. 2011ರ 3.2ರಲ್ಲೇ ಪೆಪ್ 384 ಮೂಲಕ ‘ಸ್ಥಿರ ಎಬಿಐ’, ಅಂದರೆ ಕಂಪೈಲ್ ಆದ ಕೋಡಿನ ಮಟ್ಟದಲ್ಲಿ ಬದಲಾಗದ ಒಪ್ಪಂದ ಬಂತು. ಎಪಿಐಯ ಒಂದು ಸೀಮಿತ ಭಾಗವನ್ನಷ್ಟೇ ಬಳಸಿ ಕಂಪೈಲ್ ಮಾಡಿದರೆ, ಆ ಬೈನರಿ ಮುಂದಿನ ಎಲ್ಲ 3.x ಆವೃತ್ತಿಗಳಲ್ಲೂ ಓಡುತ್ತದೆ ಎಂಬುದು ಮಾತು. ಎಬಿಐ3 ಎಂಬ ಗುರುತು ಇರುವ ವೀಲ್‌ಗಳು ಇವೇ. ಕ್ರಿಪ್ಟೋಗ್ರಫಿ ಲೈಬ್ರರಿ ಹೀಗೆಯೇ ಹಂಚಿಕೆಯಾಗುತ್ತದೆ.

ಲಾಭ ಎಷ್ಟೆಂದು ಲೆಕ್ಕ ಹಾಕಬಹುದು. 2025ರ ನವೆಂಬರ್‌ನಲ್ಲಿ ಬೆಂಬಲದಲ್ಲಿದ್ದ ಆವೃತ್ತಿಗಳು ಐದು, 3.10ರಿಂದ 3.14ರವರೆಗೆ. ಲೈಬ್ರರಿಯೊಂದು ಆರು ವೇದಿಕೆಗಳಿಗೆ ವೀಲ್ ಕೊಡುವುದಾದರೆ 30 ವೀಲ್ ಕಟ್ಟಬೇಕು. 3.14ಟಿಗೂ ಕೊಟ್ಟರೆ 36. ಎಬಿಐ3 ಆದರೆ ಮಾಮೂಲಿ ಬಿಲ್ಡುಗಳಿಗೆಲ್ಲ ಆರೇ ಸಾಕು, 3.15 ಬಂದ ದಿನವೇ ಅವೇ ಓಡುತ್ತವೆ.

ಕೊರತೆಗಳೂ ಇವೆ. ಲಿಸ್ಟಿನ ಒಳಗಿನ ಅಂಶವನ್ನು ನೇರವಾಗಿ ಎತ್ತಿಕೊಳ್ಳುವ ವೇಗದ ಮ್ಯಾಕ್ರೋಗಳು ಸೀಮಿತ ಎಪಿಐಯಲ್ಲಿ ಇಲ್ಲ. ಅರೇಯಂಥ ಡೇಟಾವನ್ನು ನಕಲಿಸದೆ ಹಂಚಿಕೊಳ್ಳುವ ಬಫರ್ ಪ್ರೋಟೊಕಾಲ್ ಸೇರಿದ್ದು 3.11ರಲ್ಲಿ. ಜೊತೆಗೆ, ಪೈಆಬ್ಜೆಕ್ಟಿನ ಜೋಡಣೆಯನ್ನು ಇಲ್ಲೂ ಬಚ್ಚಿಡಲಿಲ್ಲ. ಪೈ_ಇನ್‌ಕ್ರೆಫ್ ನಿಜವಾದ ಫಂಕ್ಷನ್ ಕರೆಯಾದದ್ದು ಸೀಮಿತ ಎಪಿಐಯ 3.12ನೆಯ ಮಟ್ಟದಿಂದ. ಅದಕ್ಕೂ ಹಿಂದಿನ ಮಟ್ಟಕ್ಕೆ ಕಂಪೈಲ್ ಆದ ಎಲ್ಲ ಎಬಿಐ3 ಬೈನರಿಗಳೂ ಮೊದಲ ಜಾಗಕ್ಕೆ ನೇರವಾಗಿ ಕೂಡಿಸುತ್ತವೆ. 3.14ಟಿಯಲ್ಲಿ ಎಬಿಐ3 ವೀಲ್ ಓಡದಿರುವುದಕ್ಕೆ ಇದೇ ಕಾರಣ.

ಈ ಹಳೆಯ ಬೈನರಿಗಳ ಭಾರ ಮಾಮೂಲಿ ಬಿಲ್ಡಿನ ಮೇಲೂ ಇದೆ. 3.12ರಿಂದ ‘ಏನೂ ಇಲ್ಲ’ ಎಂದು ಸೂಚಿಸುವ ನನ್, ಟ್ರೂ, ಸಣ್ಣ ಸಂಖ್ಯೆಗಳಂಥ ವಸ್ತುಗಳು ‘ಅಮರ’. ಅವುಗಳ ಎಣಿಕೆ ಬದಲಾಗುವುದಿಲ್ಲ. ಆದರೆ ಹಳೆಯ ಬೈನರಿಗೆ ಅಮರತ್ವ ಗೊತ್ತಿಲ್ಲ, ಅದು ಕೂಡುತ್ತ ಕಳೆಯುತ್ತ ಹೋಗುತ್ತದೆ. 3.14ರಲ್ಲಿ ನನ್ ವಸ್ತುವಿನ ರೆಫರೆನ್ಸ್ ಕೌಂಟ್ ಕೇಳಿದರೆ 3221225472 ಎಂದು ಬರುತ್ತದೆ. ಈ ಸಂಖ್ಯೆ 2ರ 31ನೆಯ ಘಾತ ಮತ್ತು 32ನೆಯ ಘಾತಗಳ ನಟ್ಟನಡುವೆ ಇದೆ. ಎಣಿಕೆ ಈ ಎರಡರ ನಡುವೆ ಎಲ್ಲೇ ಇದ್ದರೂ ಇಂಟರ್‌ಪ್ರಿಟರ್ ಅದನ್ನು ಅಮರವೆಂದೇ ಭಾವಿಸುತ್ತದೆ. ಹಳೆಯ ಕೋಡ್ ಯಾವ ಕಡೆಗೆ ತಪ್ಪಿದರೂ ಸುಮಾರು 107 ಕೋಟಿ ಸಲದವರೆಗೆ ಅಪಾಯವಿಲ್ಲ. ಇಂಥ ಸಣ್ಣ ಸಂಖ್ಯೆಯ ಆಯ್ಕೆಯಲ್ಲೂ ಎಷ್ಟು ಕಾಳಜಿ ಇದೆ ಎಂಬುದು ಮೆಚ್ಚತಕ್ಕ ವಿಷಯ.

ಯಾರ ವಾದ ಏನು

ಇಂಟರ್‌ಪ್ರಿಟರಿನ ವೇಗಕ್ಕಾಗಿ ದುಡಿಯುವವರ ನಿಲುವು ನೇರ: ಒಳರಚನೆ ನಮ್ಮದು, ಅದನ್ನು ಬದಲಿಸುವ ಸ್ವಾತಂತ್ರ್ಯ ಇಲ್ಲದೆ ವೇಗ ಬರುವುದಿಲ್ಲ. 3.11 ಅದಕ್ಕೆ ಸಾಕ್ಷಿ. ಎಕ್ಸ್‌ಟೆನ್ಷನ್ ಬರೆಯುವವರು ಹೇಳುವುದು, ನಾವು ಒಳಗೆ ಕೈಹಾಕಿದ್ದು ಚಪಲಕ್ಕಲ್ಲ, ಅಧಿಕೃತ ಫಂಕ್ಷನ್ ಇರಲಿಲ್ಲ ಅಥವಾ ನಿಧಾನವಾಗಿತ್ತು ಎಂದು. ಇದೂ ನಿಜವೇ. ದೊಡ್ಡ ಸಂಖ್ಯೆಗಳ ಒಳಗಿನ ಅಂಕಿಗಳನ್ನು ಓದಲು ಅಧಿಕೃತ ದಾರಿ ಪೆಪ್ 757ರ ಮೂಲಕ ಸಿಕ್ಕಿದ್ದು 3.14ರಲ್ಲಿ. ಅಲ್ಲಿಯವರೆಗೆ ಆ ಕೆಲಸ ಬೇಕಿದ್ದವರು ಸ್ಟ್ರಕ್ಟಿನ ಫೀಲ್ಡುಗಳನ್ನೇ ನೆಚ್ಚಬೇಕಿತ್ತು.

ಪೈಪೈ, ಗ್ರಾಲ್‌ಪೈಯಂಥ ಬೇರೆ ಇಂಟರ್‌ಪ್ರಿಟರುಗಳವರ ದೂರು ಇನ್ನೂ ಹಳೆಯದು. ಅವುಗಳಲ್ಲಿ ಪ್ರತಿ ವಸ್ತುವಿಗೂ ರೆಫರೆನ್ಸ್ ಕೌಂಟ್ ಇರುವುದೇ ಇಲ್ಲ. ಆದರೂ ಸಿ ಎಕ್ಸ್‌ಟೆನ್ಷನ್ ಓಡಿಸಲು ಸಿಪೈಥಾನಿನ ಸ್ಟ್ರಕ್ಟನ್ನು ನಕಲು ಮಾಡಿ ತೋರಿಸಬೇಕು, ಅದು ನಿಧಾನ. ವಸ್ತುವಿನ ಬದಲು ಬರಿಯ ಹಿಡಿಕೆ (ಒಳಗನ್ನು ತೋರಿಸದ ಗುರುತು) ಕೊಡುವ ಎಚ್‌ಪೈ ಯೋಜನೆ ಹುಟ್ಟಿದ್ದು ಈ ಬಿಕ್ಕಟ್ಟಿನಿಂದ. ಜಾವಾವನ್ನು ಸಿ ಕೋಡಿನೊಂದಿಗೆ ಬೆಸೆಯುವ ಜೆಎನ್‌ಐ ಮೊದಲಿನಿಂದಲೂ ಹಿಡಿಕೆಗಳನ್ನಷ್ಟೇ ಕೊಟ್ಟಿತು, ಹಾಗಾಗಿ ಜಾವಾದ ಗಾರ್ಬೇಜ್ ಕಲೆಕ್ಟರುಗಳು ಎಷ್ಟು ಬದಲಾದರೂ ಎಕ್ಸ್‌ಟೆನ್ಷನ್‌ಗಳಿಗೆ ತಾಗಲಿಲ್ಲ. ರೂಬಿಯಲ್ಲಿ 1.9ರ ಹೊತ್ತಿಗೆ ಚಿಕ್ಕ ಸ್ಟ್ರಿಂಗುಗಳನ್ನು ವಸ್ತುವಿನೊಳಗೇ ಇಡುವ ಬದಲಾವಣೆ ಬಂದಾಗ, ಪಾಯಿಂಟರ್ ಫೀಲ್ಡನ್ನು ನೇರವಾಗಿ ಓದುತ್ತಿದ್ದ ಕೋಡೆಲ್ಲ ಬದಲಾಗಬೇಕಾಯಿತು.

ಈ ಚರ್ಚೆಯಲ್ಲಿ ಧ್ವನಿ ಕಡಿಮೆ ಇರುವವರೂ ಇದ್ದಾರೆ: ಬಿಡುವಿನ ವೇಳೆಯಲ್ಲಿ ಲೈಬ್ರರಿ ನಡೆಸುವ ಒಬ್ಬಿಬ್ಬರು. ನಂಪೈಯಂಥ ದೊಡ್ಡ ಯೋಜನೆ 3.14 ಬೀಟಾ ಇರುವಾಗಲೇ ಪರೀಕ್ಷೆ ಮಾಡುತ್ತದೆ. ಸಣ್ಣ ಲೈಬ್ರರಿಯ ನಿರ್ವಾಹಕರಿಗೆ ಮುರಿದದ್ದು ಗೊತ್ತಾಗುವುದು ಬಳಕೆದಾರರ ದೂರು ಬಂದ ಮೇಲೆ. ಎರಡು ವರ್ಷದ ಎಚ್ಚರಿಕೆ ಅವರಿಗೆ ತಲಪುವುದೂ ಇಲ್ಲ, ಏಕೆಂದರೆ ಸಿ ಮಟ್ಟದ ಎಚ್ಚರಿಕೆ ಕಾಣುವುದು ಕಂಪೈಲ್ ಮಾಡುವಾಗ ಮಾತ್ರ. ಸಿದ್ಧ ವೀಲ್ ಹಾಕಿಕೊಂಡ ಬಳಕೆದಾರರು ಅದನ್ನು ನೋಡುವುದೇ ಇಲ್ಲ. ಒಳರಚನೆಯನ್ನು ಬಚ್ಚಿಡುವುದೇ ಸರಿಯಾದ ದಾರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಬಚ್ಚಿಡುವ ಮುನ್ನ ಬದಲಿ ಫಂಕ್ಷನ್ ಕೊಟ್ಟು, ಅದನ್ನು ಹಳೆಯ ಆವೃತ್ತಿಗಳಲ್ಲೂ ಬಳಸುವಂತೆ ಮಾಡುವ ಹೊಣೆ ಇಂಟರ್‌ಪ್ರಿಟರ್ ನಿರ್ವಹಿಸುವವರದೇ. 3.13ರ ತಯಾರಿಯಲ್ಲಿ ಅನೇಕ ಖಾಸಗಿ ಫಂಕ್ಷನ್‌ಗಳನ್ನು ಒಮ್ಮೆಲೇ ತೆಗೆದು, ಲೈಬ್ರರಿಗಳು ಮುರಿದ ಮೇಲೆ ಕೆಲವನ್ನು ಮರಳಿ ಸೇರಿಸಬೇಕಾಗಿ ಬಂದದ್ದು ಆ ಕ್ರಮ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ನಿದರ್ಶನ.

ಎಕ್ಸ್‌ಟೆನ್ಷನ್ ನಿರ್ವಹಿಸುವವರು ಮಾಡಬೇಕಾದ್ದು

ಮೊದಲು ಸ್ಟ್ರಕ್ಟ್ ಫೀಲ್ಡುಗಳ ನೇರ ಬಳಕೆಯನ್ನು ಹುಡುಕಿ ತೆಗೆಯಬೇಕು: ಟೈಪ್, ಎಣಿಕೆ, ಗಾತ್ರಗಳಿಗೆ ಬೆಲೆ ಕೊಡುವಲ್ಲಿ ಪೈ_ಸೆಟ್ ಸರಣಿಯ ಫಂಕ್ಷನ್‌ಗಳು, ಫ್ರೇಮ್ ಓದುವಲ್ಲಿ ಪೈಫ್ರೇಮ್_ಗೆಟ್ ಸರಣಿಯವು. ಹಳೆಯ ಪೈಥಾನಿಗೂ ಬೆಂಬಲ ಕೊಡಬೇಕಿದ್ದರೆ ಪೈಥಾನ್‌ಕ್ಯಾಪಿ-ಕಂಪ್ಯಾಟ್ ಎಂಬ ಒಂದೇ ಹೆಡರ್ ಫೈಲನ್ನು ಯೋಜನೆಗೆ ಸೇರಿಸಿಕೊಂಡರಾಯಿತು, ಅದು ಹೊಸ ಫಂಕ್ಷನ್‌ಗಳನ್ನು ಹಳೆಯ ಆವೃತ್ತಿಗಳಲ್ಲೂ ಒದಗಿಸುತ್ತದೆ.

ನಂತರದ್ದು, ಎರವಲು ರೆಫರೆನ್ಸ್. ಪೈಲಿಸ್ಟ್_ಗೆಟ್‌ಐಟಂ ಲಿಸ್ಟಿನ ಅಂಶವನ್ನು ಎಣಿಕೆ ಹೆಚ್ಚಿಸದೆ ಕೊಡುತ್ತದೆ. ಗಿಲ್ ಇಲ್ಲದಿದ್ದರೆ, ನಾವು ಅದನ್ನು ಪಡೆದು ಬಳಸುವ ನಡುವೆಯೇ ಬೇರೆ ಥ್ರೆಡ್ ಅದನ್ನು ಲಿಸ್ಟಿನಿಂದ ತೆಗೆದು, ಮೆಮೊರಿ ಬಿಡುಗಡೆಯಾಗಿಬಿಡಬಹುದು. 3.13ರಲ್ಲಿ ಬಂದ ಪೈಲಿಸ್ಟ್_ಗೆಟ್‌ಐಟಂರೆಫ್, ಪೈಡಿಕ್ಟ್_ಗೆಟ್‌ಐಟಂರೆಫ್ ಸ್ವಂತ ರೆಫರೆನ್ಸ್ ಕೊಡುತ್ತವೆ. ಬದಲಿಸುವಾಗ ಒಂದು ಎಚ್ಚರ ಬೇಕು: ಕೆಲಸ ಮುಗಿದ ಮೇಲೆ, ದೋಷದಿಂದ ಹೊರಬೀಳುವ ದಾರಿಗಳಲ್ಲೂ ಸೇರಿ, ಪೈ_ಡೆಕ್ರೆಫ್ ಹಾಕಲೇಬೇಕು. ಮರೆತರೆ ಕ್ರ್ಯಾಶ್ ಹೋಗಿ ಮೆಮೊರಿ ಸೋರಿಕೆ ಬರುತ್ತದೆ.

ಹಂಚಿಕೆಯ ಸ್ಟ್ಯಾಟಿಕ್ ಡೇಟಾಕ್ಕೆ 3.13ರ ಪೈಮ್ಯೂಟೆಕ್ಸ್ ಬೀಗ, ಒಂದು ವಸ್ತುವಿನ ಮೇಲಿನ ಹಲವು ಹೆಜ್ಜೆಗಳ ಕೆಲಸಕ್ಕೆ ಕ್ರಿಟಿಕಲ್ ಸೆಕ್ಷನ್ ಮ್ಯಾಕ್ರೋಗಳು. ಇಷ್ಟೆಲ್ಲ ಆಗಿ, ಹಲವು ಥ್ರೆಡ್‌ಗಳ ಪರೀಕ್ಷೆ ಪಾಸಾದ ಮೇಲಷ್ಟೇ ಮಾಡ್ಯೂಲಿನ ಸ್ಲಾಟಿನಲ್ಲಿ ‘ಗಿಲ್ ಬಳಸುವುದಿಲ್ಲ’ ಎಂದು ಘೋಷಿಸಬೇಕು. ಎಚ್ಚರಿಕೆಯ ಸಂದೇಶ ಕಾಣದಿರಲಿ ಎಂದು ಮೊದಲೇ ಘೋಷಿಸಿಬಿಡುವುದು ಬಳಕೆದಾರರಿಗೆ ಮಾಡುವ ಅನ್ಯಾಯ.

ಎಬಿಐ3 ಹಂಚುವವರು ಪೈ_ಲಿಮಿಟೆಡ್_ಎಪಿಐ ಮ್ಯಾಕ್ರೋಗೆ ತಾವು ಬೆಂಬಲಿಸುವ ಅತಿ ಹಳೆಯ ಆವೃತ್ತಿಯ ಬೆಲೆಯನ್ನೇ ಕೊಡಬೇಕು. ವೀಲಿಗೆ ಎಬಿಐ3 ಹೆಸರು ಹಾಕಿ ಮ್ಯಾಕ್ರೋ ಮರೆತರೆ ಕಂಪೈಲರ್ ಏನೂ ಹೇಳುವುದಿಲ್ಲ. ಬೈನರಿ ಅದೇ ಆವೃತ್ತಿಯಲ್ಲಿ ಚೆನ್ನಾಗಿ ಓಡಿ ಬೇರೆಯದರಲ್ಲಿ ಕುಸಿಯುತ್ತದೆ. ಎಬಿಐ3ಆಡಿಟ್ ಎಂಬ ಉಪಕರಣ ಬೈನರಿಯೊಳಗಿನ ಹೆಸರುಗಳನ್ನು ಓದಿ ಇದನ್ನು ಹಿಡಿಯುತ್ತದೆ, ಬಿಡುಗಡೆಯ ಮುನ್ನ ಓಡಿಸಬೇಕು.

ಮುಂದೇನು

ಗಿಲ್ ಇಲ್ಲದ ಬಿಲ್ಡ್ ಯಾವಾಗ ಮಾಮೂಲಿಯಾಗುತ್ತದೆ ಎಂಬುದಕ್ಕೆ ದಿನಾಂಕ ಗೊತ್ತುಪಡಿಸಿಲ್ಲ. 2023ರಲ್ಲೇ ಸ್ಟೀರಿಂಗ್ ಕೌನ್ಸಿಲ್ ಇಟ್ಟ ಷರತ್ತೊಂದು ಮುಖ್ಯ: ಪೈಥಾನ್ 3ರ ವಲಸೆಯಂಥದ್ದು ಮತ್ತೆ ಆಗಕೂಡದು, ಗಿಲ್ ಇಲ್ಲದ ಬಿಲ್ಡಿಗಾಗಿ ಮಾಡಿದ ಬದಲಾವಣೆಗಳು ಗಿಲ್ ಇರುವ ಬಿಲ್ಡಿನಲ್ಲೂ ಹಾಗೆಯೇ ಓಡಬೇಕು. ಮೇಲೆ ಹೇಳಿದ ಹೆಜ್ಜೆಗಳೆಲ್ಲ ಈ ಷರತ್ತಿಗೆ ಒಳಪಟ್ಟಿವೆ, ಹಾಗಾಗಿ ಅವನ್ನು ಈಗಲೇ ಶುರುಮಾಡಿದರೆ ನಷ್ಟವಿಲ್ಲ.

ಬಿಡಿಸಬೇಕಾದ ದೊಡ್ಡ ಗಂಟು, ಎರಡೂ ಬಿಲ್ಡುಗಳಲ್ಲಿ ಓಡುವ ಒಂದೇ ಬೈನರಿ. ಅದಕ್ಕೆ ಪೈಆಬ್ಜೆಕ್ಟನ್ನು ಸಂಪೂರ್ಣ ಅಪಾರದರ್ಶಕ ಮಾಡಬೇಕು. ಪೆಪ್ 803 ಪ್ರಸ್ತಾವ 3.15ಕ್ಕೆಂದು ಸೂಚಿಸಿರುವ ‘ಎಬಿಐ3ಟಿ’ ಈ ದಿಕ್ಕಿನದು. ಹೀಗಾದರೆ ಎಕ್ಸ್‌ಟೆನ್ಷನ್‌ಗಳು ತಮ್ಮ ಸ್ವಂತ ಸ್ಟ್ರಕ್ಟಿನ ಮೊದಲಿಗೆ ಪೈಆಬ್ಜೆಕ್ಟ್ ಇಟ್ಟುಕೊಳ್ಳುವ ಹಳೆಯ ಪದ್ಧತಿಯನ್ನು ಬಿಡಬೇಕಾಗುತ್ತದೆ, ಏಕೆಂದರೆ ಅದರ ಗಾತ್ರವೇ ಕಂಪೈಲ್ ಹೊತ್ತಿಗೆ ಗೊತ್ತಿರುವುದಿಲ್ಲ. 3.12ರಲ್ಲಿ ಬಂದ ಪೆಪ್ 697 ಇದಕ್ಕೆ ಬದಲಿ ದಾರಿ ತೋರಿಸಿದೆ: ತಮಗೆ ಎಷ್ಟು ಹೆಚ್ಚುವರಿ ಬೈಟ್ ಬೇಕೆಂದು ಹೇಳಿ, ಆ ಜಾಗ ಎಲ್ಲಿದೆ ಎಂದು ಇಂಟರ್‌ಪ್ರಿಟರನ್ನೇ ಕೇಳುವುದು. ಹೊಸದಾಗಿ ಟೈಪ್ ಬರೆಯುವವರು ಇಂದೇ ಈ ಕ್ರಮ ಹಿಡಿಯಬಹುದು. ಇರುವ ಟೈಪುಗಳನ್ನು ಬದಲಿಸುವವರಿಗೆ ಪ್ರತಿ ಫೀಲ್ಡಿನ ಬಳಕೆಯನ್ನೂ ತಿದ್ದುವ ಕೆಲಸವಿದೆ. ದೊಡ್ಡ ಲೈಬ್ರರಿಯಲ್ಲಿ ಅದು ಸಾವಿರಾರು ಸಾಲುಗಳಿಗೆ ತಾಗುತ್ತದೆ, ಒಂದು ಬಿಡುಗಡೆಯ ಅವಧಿಯಲ್ಲಿ ಮುಗಿಯುವಂಥದ್ದಲ್ಲ.